ಕುಂಕುಮದ ಕೆಳಗಿನ ಹನುಮಪ್ಪ

ಮೊದಲು ಒಂದು ಒಗಟು.

ಸದಾ ಓಡುತ್ತದೆ, ಗರಡಿ ಬಿಟ್ಟು ಹೊರಗೆ ಹೋಗಿಲ್ಲ. ಇರುವುದು ನಾಲ್ಕು ಕಾಲು, ಊರು ಎಣಿಸಿದ್ದು ಎರಡು. ಕಣ್ಣಾರೆ ಕಂಡವರಿಲ್ಲ, ಕೈ ಮುಗಿಯದವರಿಲ್ಲ. ಏನದು?

ತಲೆ ಕೆರೆದುಕೊಳ್ಳಬೇಡಿ, ಬರುವುದಿಲ್ಲ. ನಿಮಗೆ ಬರುವಂಥದ್ದಾಗಿದ್ದರೆ ಕಥೆ ಹೇಳುವ ಕೆಲಸ ನನಗೆಲ್ಲಿ ಉಳಿಯುತ್ತಿತ್ತು?

ಹೊಳೆಯ ದಂಡೆಗೆ ಒಂದು ಗರಡಿ ಮನೆ. ಒಳಗೆ ಕುಸ್ತಿಯ ಕೆಂಪು ಮಣ್ಣು, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಒಂದು ಕತ್ತಿ. ಇಷ್ಟಕ್ಕೆ ಯಜಮಾನ ಜಟ್ಟೆಪ್ಪ ಉಸ್ತಾದ. ಒಂದು ಕಾಲಕ್ಕೆ ಅವನು ತೊಡೆ ತಟ್ಟಿದರೆ ಸೂರಿನ ಪಾರಿವಾಳಗಳು ಹಾರಿಹೋಗುತ್ತಿದ್ದವಂತೆ. ಈಗ ಕೆಮ್ಮಿದರೆ ಹಾರುತ್ತವೆ.

ಶಿಷ್ಯ ಮಾಳಿಂಗ. ಕುರಿ ಕಾಯುವ ಮನೆಯವನು. ಅಪ್ಪನ ಹಿಂಡು ಬಿಟ್ಟು ಬಂದು ಇಲ್ಲಿ ಮಣ್ಣು ಹದ ಮಾಡಿದ, ಉಸ್ತಾದನ ಕಾಲು ಒತ್ತಿದ, ಬಂದವರಿಗೆಲ್ಲ ಪಟ್ಟು ಹೇಳಿಕೊಟ್ಟ. ಅಪ್ಪ ಸಂತೆಗೆ ಬಂದಾಗಲೆಲ್ಲ ಗರಡಿಯ ಬಾಗಿಲಲ್ಲಿ ಕೋಲೂರಿ ನಿಂತು ಒಂದೇ ಮಾತು ಕೇಳಿ ಹೋಗುತ್ತಿದ್ದ. ಇನ್ನೂ ಮಣ್ಣೇ ಹೊರುತ್ತಿದ್ದೀಯೋ, ಗದೆ ಹೊತ್ತೆಯೋ ಅಂತ.

ಗದೆ ಹೊರುವುದೆಂದರೆ ಮುಂದಿನ ಉಸ್ತಾದ ಆಗುವುದು. ಅದಕ್ಕೆ ಈ ಗರಡಿಯಲ್ಲಿ ಒಂದು ಕಟ್ಟಳೆ ಉಂಟು. ಮೂಲೆಯ ಕತ್ತಿಯ ಮೇಲೆ ಏನಿದೆ ಎಂದು ಓದಿ ಹೇಳಬೇಕು. ಹೇಳಿದವನನ್ನು ಹಳೆಯ ಉಸ್ತಾದ ಹತ್ತಿರ ಕರೆದು ಕಿವಿಯಲ್ಲಿ ಒಂದು ಮಾತು ಉಸುರುತ್ತಾನೆ. ಹೆಗಲ ಮೇಲೆ ಗದೆ ಇಡುತ್ತಾನೆ. ಮುಗಿಯಿತು.

ಆ ಕತ್ತಿಗೆ ಊರವರು ಪರಂಗಿ ಖಂಡೆ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಹಡಗು ಹತ್ತಿ ಪರಂಗಿಯವರ ನಾಡಿನಿಂದ ಬಂದದ್ದಂತೆ. ಅದು ಬಾಗಿದ ಕತ್ತಿಯಲ್ಲ, ದಾರ ಹಿಡಿದು ಎಳೆದ ಹಾಗೆ ನೆಟ್ಟಗಿದೆ.

ನೆಟ್ಟಗಿದೆ ಎಂದು ಹೇಳಬಹುದು ಅಷ್ಟೇ. ಯಾಕೆಂದರೆ ಪ್ರತಿ ಖಂಡೇನವಮಿಗೆ, ಅಂದರೆ ಆಯುಧಗಳಿಗೆ ಪೂಜೆ ಮಾಡುವ ದಿನ, ಅದಕ್ಕೆ ಔಡಲೆಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತುತ್ತಾರೆ. ಹಳೆಯದನ್ನು ತೆಗೆಯುವ ಪದ್ಧತಿ ಇಲ್ಲ. ಮೆತ್ತಿ ಮೆತ್ತಿ ಖಂಡೆ ಬಲಿತ ಹೀರೇಕಾಯಿಯಷ್ಟು ದಪ್ಪವಾಗಿತ್ತು.

ಆದರೂ ಕುಂಕುಮದ ಕೆಳಗೆ ಏನಿದೆ ಎಂಬುದು ಊರಿನ ಕೂಸಿಗೂ ಗೊತ್ತು. ಹಾರುತ್ತಿರುವ ಹನುಮಪ್ಪ. ಅವನ ಮುಂದೆ, ಅವನು ಹಣ್ಣೆಂದು ನುಂಗಲು ಹೋದ ಸೂರ್ಯ. ಸೂರ್ಯನಿಗೆ ಒಂದು ತೊಟ್ಟೂ ಇದೆ, ಹಣ್ಣಲ್ಲವೇ. ಪಕ್ಕದಲ್ಲಿ ಜೈ ಮಾರುತಿ ಎಂದು ಅಕ್ಷರ.

ಮಳೆ ಕಳೆದ ಮೇಲೆ ಒಂದು ಬೆಳಗ್ಗೆ ಉಸ್ತಾದ ಗದೆ ಎತ್ತಲು ಹೋದ. ಗದೆ ಏಳಲಿಲ್ಲ. ಉಸ್ತಾದನೇ ಕೂತ. ಗದೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಮಾಳಿಂಗನನ್ನು ಕರೆದು, ಕತ್ತಿ ಓದುತ್ತೀಯಾ ಎಂದು ಕೇಳಿದ.

ಮಾಳಿಂಗ ಕತ್ತಿಯ ಕಡೆ ತಿರುಗಿಯೂ ನೋಡದೆ ಒಪ್ಪಿಸಿದ. "ಜೈ ಮಾರುತಿ ಅಂತ ಬರದೈತ್ರಿ."

"ನೀ ಕಂಡಿಯೇನು?"

"ಊರಾಗ ಎಲ್ಲಾರೂ ಹೇಳ್ತಾರ್ರಿ."

"ಊರಿಗೆ ಯಾರು ಹೇಳಿದರೋ?"

ಉಸ್ತಾದನಿಗೆ ಅಷ್ಟರಲ್ಲಿ ಕೆಮ್ಮು ಬಂತು. ಪಾರಿವಾಳಗಳು ಹಾರಿದವು.

"ತೊಳದು ನೋಡು," ಎಂದ ಕೊನೆಗೆ. "ಖಂಡೇನವಮಿಗೆ ಓದಿ ಹೇಳು. ಗದಾ ನಿಂದು."

"ಓದಾಕ ಬರಲಿಲ್ಲಂದ್ರ?"

"ಗರಡಿಗೆ ಕೀಲಿ ಹಾಕೂಣು."

"ಹಾಕಿ ಎಲ್ಲಿಗೆ ಹೋಗೂದ್ರಿ?"

"ನೀ ಕುರಿ ಹಿಂದ. ನಾ ಮ್ಯಾಲಕ್ಕ."

ಮಾಳಿಂಗ ಖಂಡೆಯನ್ನು ಹೊಳೆಗೆ ಹೊತ್ತೊಯ್ದ. ಬಿಸಿನೀರು ಹೊಯ್ದ, ಸೀಗೆಪುಡಿ ಹಚ್ಚಿದ, ತೆಂಗಿನ ನಾರಿನಿಂದ ತಿಕ್ಕಿದ. ಕುಂಕುಮ ಪದರು ಪದರಾಗಿ ಎದ್ದು ಹೊಳೆ ಸೇರಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಂಪು ನೀರು ನೋಡಿ, ಮೇಲೆ ಯಾರೋ ಯಾರನ್ನೋ ಕಡಿದರು ಎಂದು ಸೀರೆ ಎತ್ತಿಕೊಂಡು ಓಡಿದರು. ಅದು ಬೇರೆ ಕಥೆ.

ತೊಳೆದ ಮೇಲೆ ಕಂಡದ್ದು ಮಂಕು ಕಪ್ಪು. ಗೀರುಗಳಂತೆ ಏನೋ ಇವೆ, ಬೆರಳಿಗೆ ತಾಗುತ್ತವೆ, ಕಣ್ಣಿಗೆ ಹತ್ತುವುದಿಲ್ಲ.

ಅವನ ಅವ್ವ ಹಬ್ಬಕ್ಕೆ ಹಿತ್ತಾಳೆ ಕೊಡ ಬೆಳಗುವುದನ್ನು ಅವನು ಕಂಡಿದ್ದ. ಹುಣಸೆಹಣ್ಣು ಕಿವುಚಿ ಹಚ್ಚಿಟ್ಟರೆ ಸಾಕು, ಕೊಡ ಬಂಗಾರ. ಖಂಡೆಗೂ ಹಾಗೇ ಮಾಡಿದ. ದಪ್ಪವಾಗಿ ಹಚ್ಚಿ, ಬಂಡೆಯ ಮೇಲೆ ಬಿಸಿಲಿಗಿಟ್ಟು, ಬೈಠಕ್ ಹೊಡೆಯಲು ಹೋದ.

ಬಂದು ತೊಳೆದ. ಖಂಡೆ ಕಾಗೆಯ ಹಾಗೆ ಕರ್ರಗಾಗಿತ್ತು.

ಹಿತ್ತಾಳೆಗೆ ಮದ್ದಾದದ್ದು ಉಕ್ಕಿಗೆ ವಿಷ. ಅದು ಅವನಿಗೆ ಆಗ ತಿಳಿಯಿತು. ಬೂದಿಯಿಂದ ತಿಕ್ಕಿದ, ಮರಳಿನಿಂದ ತಿಕ್ಕಿದ, ಕೊನೆಗೆ ತನ್ನ ಲಂಗೋಟಿಯಿಂದಲೂ ತಿಕ್ಕಿದ. ಕಪ್ಪು ಜಗ್ಗಲಿಲ್ಲ.

ಆಮೇಲೆ ಬಿಸಿಲಿಗೆ ಹೊರಳಿಸಿದ. ಆ ಕಪ್ಪಿನ ನಡುವೆ, ಹಿಡಿಯಿಂದ ಒಂದು ಗೇಣು ದೂರದಲ್ಲಿ, ಬಂಗಾರದಂಥ ಒಂದು ಪ್ರಾಣಿ ಓಡುತ್ತಿತ್ತು.

ಯಾರೋ ಉಕ್ಕಿನಲ್ಲಿ ಗೀರು ಕೊರೆದು ಅದರೊಳಗೆ ಹಿತ್ತಾಳೆ ತುಂಬಿದ್ದರು. ಹುಳಿ ಉಕ್ಕನ್ನು ಸುಟ್ಟಿತ್ತು, ಹಿತ್ತಾಳೆಯನ್ನು ಬೆಳಗಿತ್ತು.

ಚಿತ್ರವೆಂದರೆ ಚಿತ್ರವೂ ಅಲ್ಲ, ಕಡ್ಡಿ ಮುರಿದು ಜೋಡಿಸಿದ ಹಾಗೆ. ಆದರೆ ಮುಂದೆ ಚಾಚಿದ ಮೂತಿ, ಹಿಂದೆ ನೆಟ್ಟಗಿನ ಬಾಲ, ಕೆಳಗೆ ಕಾಲು. ಮಾಳಿಂಗ ಕಾಲು ಎಣಿಸಿದ. ಇನ್ನೊಮ್ಮೆ ಎಣಿಸಿದ. ಕಂಬಳಿ ಸುತ್ತಿ ಖಂಡೆಯನ್ನು ಮುಚ್ಚಿಬಿಟ್ಟ.

ಸಂಜೆ ಉಸ್ತಾದ ಕೇಳಿದ. "ತೊಳದೆ?"

"ತೊಳದೆರಿ."

"ಏನು ಕಂಡಿ?"

"ಹನುಮಪ್ಪರಿ."

"ಎಷ್ಟು ಕಾಲು?"

ಮಾಳಿಂಗ ಕಂಬಳಿಯ ಗಂಟು ಬಿಗಿ ಮಾಡಿದ. ಆಮೇಲೆ ನಾಲ್ಕು ಎಂದ.

"ಹನುಮಪ್ಪ ನಾಕು ಕಾಲಿಲೆ ಓಡಾಕ ಯಾವಾಗ ಕಲತನೋ?" ಎಂದು ಉಸ್ತಾದ ಅತ್ತ ತಿರುಗಿ ಮಲಗಿದ. ಕಂಬಳಿ ಬಿಚ್ಚು ಎನ್ನಲಿಲ್ಲ.

ಮಾಳಿಂಗನಿಗೆ ನಿದ್ದೆ ಹತ್ತಲಿಲ್ಲ. ಆ ಮೂತಿ, ಆ ಬಾಲ ಅವನಿಗೆ ಹೊಸತಲ್ಲ. ಕುರಿಹಟ್ಟಿಯ ಸುತ್ತ ಅದು ಸುಳಿದದ್ದನ್ನು ಕಂಡಿದ್ದ, ಕಲ್ಲು ಬೀರಿ ಓಡಿಸಿದ್ದ. ಅದರ ಹೆಸರು ನಾಲಗೆಯ ತುದಿಗೇ ಇತ್ತು. ಆದರೆ ಊರೆಲ್ಲ ಕೈ ಮುಗಿದದ್ದಕ್ಕೆ ಆ ಹೆಸರು ಇಡುವುದು ಹೇಗೆ?

ಬೆಳಗಾದ ಮೇಲೆ ಜಿಲ್ಲೆಯ ಮ್ಯೂಸಿಯಮ್ಮಿಗೆ ಹೊರಟ. ಅಲ್ಲಿ ಹಳೆಯ ಕತ್ತಿ ನೋಡಿ ಜಾತಕ ಹೇಳುವ ಮೇಡಂ ಒಬ್ಬರಿದ್ದಾರೆ, ಹಿಪ್ಪರಗಿ ಮೇಡಂ ಅಂತ, ಯಾರೋ ಹೇಳಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಕಂಬಳಿಯೊಳಗೆ ಏನೆಂದು ಕೇಳಿದ. ಕಬ್ಬು ಎಂದ ಮಾಳಿಂಗ. ಒಂದು ಗಣಿಕೆ ಮುರಿದು ಕೊಡು ಎಂದ ಕಂಡಕ್ಟರ್. ಉಳಿದ ದಾರಿಯನ್ನು ಮಾಳಿಂಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕಳೆದ.

ಮೇಡಂ ಖಂಡೆಯನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ಕೂಸಿಗೆ ಎಣ್ಣೆ ಹಚ್ಚುವವರ ಹಾಗೆ ತುದಿಯಿಂದ ಹಿಡಿಯವರೆಗೆ ಮೆಲ್ಲಗೆ ಬೆರಳಾಡಿಸಿದರು. ಗುರುತುಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕಾಗದದ ಮೇಲೆ ಪ್ರಾಣಿ ಎದ್ದು ಬಂತು, ಅದರ ಮುಂದೆ ತೊಟ್ಟಿನ ಗುಂಡು, ಪಕ್ಕದಲ್ಲಿ ಅಕ್ಷರ.

ಮೊದಲು ಅವರು ಕೇಳಿದ್ದು, ಹುಣಸೆಹಣ್ಣು ಹಚ್ಚಿದ ಪುಣ್ಯಾತ್ಮ ಯಾರು ಅಂತ.

ನಾನೇ ಎಂದ ಮಾಳಿಂಗ, ನೆಲ ನೋಡುತ್ತ.

ಮೇಡಂ ಕಿಟಕಿಯ ಬೆಳಕಿಗೆ ಖಂಡೆ ಹಿಡಿದು, ಭೂತಗನ್ನಡಿ ಹಾಕಿ ಬಹಳ ಹೊತ್ತು ನೋಡಿದರು. "ಇದರ ಕೆಳಗ ಇನ್ನೊಂದು ಕಪ್ಪೈತಿ. ಹಳೇದು. ನಿಮಗಿಂತ ಮೊದಲೂ ಯಾರೋ ಹುಳಿ ಹಚ್ಚ್ಯಾರ."

ಅದು ಮಾಳಿಂಗನ ಕಿವಿಗೆ ಹೋಯಿತು, ತಲೆಗೆ ಹೋಗಲಿಲ್ಲ. ಅವನ ಕಣ್ಣು ಕಾಗದದ ಮೇಲಿನ ಪ್ರಾಣಿಯ ಮೇಲಿತ್ತು.

"ಮೇಡಂ, ಅದು ತೋಳ ಅಲ್ಲೇನ್ರಿ?"

ಮೇಡಂ ಕನ್ನಡಿ ಕೆಳಗಿಟ್ಟು ಅವನನ್ನು ನೋಡಿದರು. ನೋಡಿದವರೆಲ್ಲ ನಾಯಿ, ಕುದುರೆ, ಆಡು ಎನ್ನುತ್ತಾರಂತೆ. ಪುಸ್ತಕ ನೋಡದೆ ತೋಳ ಎಂದವರು ಕಡಿಮೆಯಂತೆ.

ಆಮೇಲೆ ಅವರು ಹೇಳಿದ್ದು ಇಷ್ಟು. ಜರ್ಮನಿ ದೇಶದಲ್ಲಿ ಪಸ್ಸೌ ಎಂದು ಒಂದು ಊರು. ಅಲ್ಲಿನ ಕಮ್ಮಾರರು ತಮ್ಮ ಕತ್ತಿಗೆ ಓಡುವ ತೋಳದ ಗುರುತು ಹಾಕುತ್ತಿದ್ದರು. ಆ ಗುರುತಿಗೆ ಹೆಸರು ಬಂತು. ಹೆಸರು ಬಂದದ್ದೇ ತಡ, ಸೋಲಿಂಗೆನ್ ಎಂಬ ಇನ್ನೊಂದು ಊರಿನವರೂ ತೋಳ ಕೆತ್ತತೊಡಗಿದರು. ಅವರನ್ನು ನೋಡಿ ಮತ್ತೊಬ್ಬರು. ತೋಳ ಹಾಕದಿದ್ದರೆ ಜನ ಕೊಳ್ಳುತ್ತಿರಲಿಲ್ಲ.

"ಸೂರ್ಯರಿ?"

ಅದು ಭೂಮಂಡಲ, ಮೇಲೆ ನೆಟ್ಟದ್ದು ಶಿಲುಬೆ ಎಂದರು ಮೇಡಂ. ಆ ಕಡೆಯ ಕತ್ತಿಗಳ ಮೇಲೆ ಅದೂ ಕಾಣುವ ಗುರುತೇ. ತೊಟ್ಟಲ್ಲವೇ ಎಂದು ಕೇಳಬೇಕೆಂದಿದ್ದ ಮಾಳಿಂಗ ಬಾಯಿ ಮುಚ್ಚಿಕೊಂಡ.

ಉಳಿದದ್ದು ಅಕ್ಷರ. ಅದಕ್ಕೇ ಅವನು ಬಂದಿದ್ದು. ಉಗುರು ಕಚ್ಚುತ್ತ ಕಾದ.

ಮೇಡಂ ಕಾಗದವನ್ನು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು. ಅಕ್ಷರ ಪರಂಗಿಯವರದೇ. ಆದರೆ ಒಂದು ತಲೆಕೆಳಗು ನಿಂತಿದೆ, ಒಂದು ಬೆನ್ನು ತಿರುಗಿಸಿದೆ, ಇನ್ನೊಂದು ಅಕ್ಷರವೇ ಅಲ್ಲ. ಕೆತ್ತಿದವನಿಗೆ ಓದು ಬರುತ್ತಿರಲಿಲ್ಲ. ಇನ್ನೊಂದು ಕತ್ತಿಯನ್ನು ಎದುರಿಗಿಟ್ಟುಕೊಂಡು, ನೋಡಿ ನೋಡಿ ಕೆತ್ತಿದ್ದಾನೆ. ಜರ್ಮನಿಯಲ್ಲೇ ಕೂತು ಕೆತ್ತಿರಬಹುದು. ನಮ್ಮ ಹೊಳೆಯ ದಂಡೆಗೇ ಕೂತು ಕೆತ್ತಿರಬಹುದು. ಹಿಡಿಯಂತೂ ನಮ್ಮ ಕಡೆಯದು, ಬೆರಳು ಕಾಯುವ ಪಂಜರದ ಹಿಡಿ. ಅಲಗು ಎಲ್ಲಿಯದೆಂದು ಈ ಗುರುತು ನೋಡಿ ಆಣೆ ಮಾಡಲಾಗದು.

"ಹಂಗಂದ್ರ ಏನಂತ ಬರದೈತ್ರಿ?"

"ಏನೂ ಬರದಿಲ್ಲ."

ಮಾಳಿಂಗನ ಕಣ್ಣ ಮುಂದೆ ಗರಡಿಯ ಬಾಗಿಲಿಗೆ ಕೀಲಿ ಬಿತ್ತು. ಅದರ ಮುಂದೆ ಅಪ್ಪ ಕೋಲೂರಿ ನಿಂತಿದ್ದ. ಮಾಳಿಂಗ ಕೈ ಜೋಡಿಸಿ, ಏನಾದರೂ ಒಂದು ಓದಿ ಕೊಡಿ, ತನ್ನ ಬದುಕೇ ಇದರ ಮೇಲಿದೆ ಎಂದು ಬೇಡಿಕೊಂಡ.

ಮೇಡಂ ಸಿಟ್ಟಾಗಲಿಲ್ಲ. ಪೆನ್ಸಿಲ್ ಎತ್ತಿಕೊಂಡು ಕೇಳಿದರು. "ಓದೋಣಂತ. ನೀವ ಹೇಳ್ರಿ, ಏನಂತ ಓದ್ಲಿ?"

ಮಾಳಿಂಗ ಖಂಡೆಯನ್ನು ಕಂಬಳಿಯಲ್ಲಿ ಸುತ್ತಿದ. ಇದು ಸುಳ್ಳು ಕತ್ತಿಯೇ ಎಂದು ಹೊಸ್ತಿಲಲ್ಲಿ ನಿಂತು ಕೇಳಿದ.

"ಗುರುತು ಸುಳ್ಳಿರಬಹುದು," ಎಂದರು ಮೇಡಂ. "ಉಕ್ಕನ್ನ ಬಾಗಿಸಿ ಕೇಳ್ರಿ."

ಮರಳುವಾಗ ಬಸ್‌ಸ್ಟ್ಯಾಂಡಿನ ಎದುರು ಕುಂಕುಮದ ಅಂಗಡಿ ಕಂಡಿತು. ಮಾಳಿಂಗ ದೊಡ್ಡದೊಂದು ಪೊಟ್ಟಣ ಕಟ್ಟಿಸಿಕೊಂಡ.

ಲೆಕ್ಕ ಸುಲಭವಿತ್ತು. ಔಡಲೆಣ್ಣೆಯಲ್ಲಿ ಕಲಸುವುದು, ದಪ್ಪಗೆ ಮೆತ್ತುವುದು. ಕಪ್ಪು ಮುಚ್ಚುತ್ತದೆ, ತೋಳ ಮುಚ್ಚುತ್ತದೆ, ಹನುಮಪ್ಪ ಎದ್ದು ಹಾರುತ್ತಾನೆ. ಜೈ ಮಾರುತಿ ಎಂದರೆ ಗದೆ. ಊರಿಗೆ ಸಂತೋಷ, ಅಪ್ಪನಿಗೆ ಸಂತೋಷ, ಉಸ್ತಾದ ನಿಶ್ಚಿಂತೆಯಾಗಿ ಮೇಲಕ್ಕೆ ಹೋಗಬಹುದು. ಯಾರಿಗೆ ನಷ್ಟ? ನನ್ನನ್ನು ಕೇಳಿದ್ದರೆ ಎಣ್ಣೆ ನಾನೇ ತಂದುಕೊಡುತ್ತಿದ್ದೆ.

ನವಮಿಯ ಹಿಂದಿನ ದಿನ ಮಾಳಿಂಗ ಹೊಳೆಯ ಬಂಡೆಯ ಮೇಲೆ ಕೂತು ಎಣ್ಣೆಯ ಬಟ್ಟಲು ಮುಂದಿಟ್ಟುಕೊಂಡ. ಪೊಟ್ಟಣದ ದಾರ ಹುಡುಕಿದ. ಕಂಬಳಿ ಬಿಚ್ಚಿದ. ತೋಳ ಓಡುತ್ತಿತ್ತು.

ಪಾಪದ್ದು, ಎಲ್ಲಿಂದ ಹೊರಟಿತ್ತೋ ಏನೋ. ಓಡಿ ಓಡಿ, ಇಷ್ಟು ವರ್ಷಕ್ಕೆ ತನ್ನ ಹೆಸರು ಗೊತ್ತಿದ್ದ ಒಬ್ಬನ ಕೈಗೆ ಬಂದಿತ್ತು. ಅವನು ಕುಂಕುಮ ಹಿಡಿದು ಕೂತಿದ್ದ.

ಹೊತ್ತು ಮುಳುಗಿತು. ಎಣ್ಣೆಯ ಬಟ್ಟಲಿಗೆ ಇರುವೆ ಬಿದ್ದವು.

ಖಂಡೇನವಮಿಯ ದಿನ ಗರಡಿ ತುಂಬಿತು. ಹಳೆಯ ಪೈಲ್ವಾನರು ಮುಂದೆ, ಊರವರು ಹಿಂದೆ. ಬಾಗಿಲಲ್ಲಿ ಅಪ್ಪ. ಉಸ್ತಾದ ಗದೆಯ ಪಕ್ಕದಲ್ಲಿ ಕೂತಿದ್ದ. ಮಾಳಿಂಗ ಬಂದು ಅವನ ಕಾಲಿಗೆ ಬಿದ್ದು, ಕಂಬಳಿ ಬಿಚ್ಚಿ ಖಂಡೆಯನ್ನು ಅವನ ಮುಂದಿಟ್ಟ.

ಕಾಗೆಯಂಥ ಕಪ್ಪು ಖಂಡೆ. ಬರಿಮೈ. ಒಂದು ಚುಕ್ಕೆ ಕುಂಕುಮವಿಲ್ಲ.

ಹಿಂದಿದ್ದವರು ಕತ್ತು ಚಾಚಿದರು. ಸೂರಿನ ಪಾರಿವಾಳಗಳೂ ಇಣುಕಿದವು.

ಕಪ್ಪು ಮಾಡಿದವನು ತಾನೇ ಎಂದ ಮಾಳಿಂಗ. ಹುಣಸೆಹಣ್ಣಿನ ಕಥೆ ಪೂರ್ತಿ ಹೇಳಿದ. ಪೊಟ್ಟಣವನ್ನು ಉಸ್ತಾದನ ಕೈಗೆ ಕೊಟ್ಟು, ಮುಚ್ಚಲೆಂದು ತಂದಿದ್ದೆ, ದಾರ ಬಿಚ್ಚಲಿಲ್ಲ ಎಂದ.

ಮುಂದಿನ ಸಾಲಿನ ಒಬ್ಬ ಮುದಿ ಪೈಲ್ವಾನ ಬಗ್ಗಿ ನೋಡಿ, ಹನುಮಪ್ಪ ಎಲ್ಲಿ ಎಂದು ಕೇಳಿದ.

"ಹನುಮಪ್ಪ ಅಲ್ರಿ ಅದು. ತೋಳ."

"ಕುರುಬನ ಕಣ್ಣಿಗೆ ತೋಳಾನ ಕಾಣ್ತೈತಿ ಬಿಡೋ," ಎಂದ ಮುದುಕ. ಗರಡಿ ನಕ್ಕಿತು. ಬಾಗಿಲಲ್ಲಿ ಅಪ್ಪ ತಲೆ ತಗ್ಗಿಸಿದ.

ಉಸ್ತಾದ ಕೈ ಎತ್ತಿದ. ನಗು ನಿಂತಿತು.

"ಅಕ್ಷರ ಓದು."

"ಓದಾಕ ಬರಲಿಲ್ರಿ. ಕೆತ್ತಿದವಗೂ ಓದು ಬರತಿರಲಿಲ್ಲ. ಮತ್ತೊಂದನ್ನ ನೋಡಿ ಗೀಚ್ಯಾನ."

"ಯಾರು ಮಾಡಿದ್ದು?"

"ಗೊತ್ತಿಲ್ರಿ."

"ಎಲ್ಲಿಂದು?"

"ಅದೂ ಗೊತ್ತಿಲ್ರಿ."

"ಮತ್ತೇನು ಗೊತ್ತೈತೋ ನಿನಗ?"

ಮಾಳಿಂಗ ಖಂಡೆ ಎತ್ತಿದ. ತುದಿಯನ್ನು ಮಣ್ಣಿನ ಅಂಚಿಗೆ ಹೂತ ಕಲ್ಲಿಗೆ ಆನಿಸಿ, ಹಿಡಿಯ ಮೇಲೆ ಮೈಭಾರ ಹಾಕಿದ. ಖಂಡೆ ಬಾಗಿತು. ಬಿಲ್ಲಿನ ಹಾಗೆ ಬಾಗಿತು. ಮುಂದಿನ ಸಾಲಿನವರು ಹಿಂದಕ್ಕೆ ಸರಿದರು. ಅವನು ಭಾರ ಬಿಟ್ಟ. ಖಂಡೆ ಸೊಯ್ಯೆಂದು ಮಿಡಿದು ನೆಟ್ಟಗಾಯಿತು, ದಾರ ಹಿಡಿದು ಎಳೆದ ಹಾಗೆ. ಆ ಸದ್ದು ಗೋಡೆ ಸುತ್ತಿ ಬಂತು.

"ಇಷ್ಟು ಗೊತ್ತೈತ್ರಿ," ಎಂದ.

ಉಸ್ತಾದ ಕೈಯಲ್ಲಿದ್ದ ಪೊಟ್ಟಣವನ್ನು ತೂಗಿ ನೋಡಿದ, ತೋಳದ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಮಾಳಿಂಗನ ಕಿವಿ ಹಿಡಿದು ಹತ್ತಿರ ಎಳೆದು ಏನೋ ಉಸುರಿದ.

ಮಾಳಿಂಗ ಉಸ್ತಾದನ ಮುಖ ನೋಡಿದ. ಪೊಟ್ಟಣ ನೋಡಿದ. ಖಂಡೆ ನೋಡಿದ. ಮತ್ತೆ ಉಸ್ತಾದನ ಮುಖ ನೋಡಿ, ತಡೆಯಲಾರದೆ ನಕ್ಕುಬಿಟ್ಟ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಉಸ್ತಾದನೂ ನಕ್ಕ. ನಗು ಕೆಮ್ಮಾಯಿತು, ಪಾರಿವಾಳಗಳು ಹಾರಿದವು. ಆ ಗದ್ದಲದಲ್ಲೇ ಇಬ್ಬರೂ ಸೇರಿ ಗದೆ ಎತ್ತಿದರು, ಅದು ಮಾಳಿಂಗನ ಹೆಗಲ ಮೇಲೆ ಕೂತಿತು.

ಬಾಗಿಲಲ್ಲಿ ಅಪ್ಪ ಕೋಲು ಬಿಟ್ಟು ಕೈ ಮುಗಿದ. ಮಗನಿಗೋ, ಗದೆಗೋ, ತೋಳಕ್ಕೋ, ನನಗೆ ತಿಳಿಯದು.

ಉಸ್ತಾದ ಕಿವಿಯಲ್ಲಿ ಹೇಳಿದ್ದೇನು?

ಇದನ್ನು ಹೇಳಿದ.

"ಹನುಮಪ್ಪ ಅಂತ ಊರಿಗೆ ಹೇಳಿದವ ನಾನ. ನಾನೂ ಹುಣಸಿಹಣ್ಣ ಹಚ್ಚಿದ್ದೆ, ನನಗೂ ಕರ್ರಗಾತು. ನಾ ಪೊಟ್ಟಣ ಬಿಚ್ಚಿದೆ."

ಕಿವಿಯಲ್ಲಿ ಆಡಿದ್ದು ನನಗೆ ಹೇಗೆ ಕೇಳಿಸಿತು ಅಂತೀರಾ? ಕೇಳಿಸಲಿಲ್ಲ. ಮಾಳಿಂಗ ಇವತ್ತಿಗೂ ಯಾರಿಗೂ ಹೇಳಿಲ್ಲ. ಆ ಮಾತು ನಾನೇ ಕೂತು ಕೆತ್ತಿದ್ದು. ಜಟ್ಟೆಪ್ಪನ ಹೆಸರು ಹಾಕದಿದ್ದರೆ ನೀವು ಕೊಳ್ಳುತ್ತಿರಲಿಲ್ಲ.